ಒಂದೂ ಕಳೆದಿಲ್ಲ, ಮೇಡಂ!

ಬೀಗದ ಕೈ ಗೊಂಚಲಿನಿಂದ ಶುರುವಾದ ನೌಕರಿ ಅದು. ಬೀರುಗಳ ಬಾಗಿಲು ತೆರೆದ ಮೇಲೆ ವೃತ್ತಿಯಾಯಿತು. ತಾಲ್ಲೂಕು ಕಾಲೇಜೊಂದರ ಗ್ರಂಥಪಾಲಕಿಯ ಅನುಭವ ಕಥನ.

ಕೆಲಸಕ್ಕೆ ಸೇರಿದ ದಿನ ನನ್ನ ಕೈಗೆ ಮೊದಲು ಬಂದದ್ದು ಬೀಗದ ಕೈಗಳ ಗೊಂಚಲು. ಸೈಕಲ್ಲಿನ ಬ್ರೇಕ್ ತಂತಿಯನ್ನು ಬಳೆಯಂತೆ ಸುತ್ತಿ ಅದಕ್ಕೆ ಇಪ್ಪತ್ತಮೂರು ಬೀಗದ ಕೈ ಪೋಣಿಸಿದ್ದರು. ಒಂದೊಂದಕ್ಕೂ ಒಂದೊಂದು ಬಣ್ಣದ ದಾರ. ಕೆಂಪು ಕಟ್ಟಿದ್ದು ಕನ್ನಡದ ಬೀರು, ಹಸಿರು ಅರ್ಥಶಾಸ್ತ್ರ, ಹಳದಿ ಇತಿಹಾಸ. ದಾರವಿಲ್ಲದ ನಾಲ್ಕೈದು ಯಾವ ಬೀಗದ್ದೆಂದು ಯಾರಿಗೂ ನೆನಪಿರಲಿಲ್ಲ. ಆದರೂ ಬಿಸಾಡುವಂತಿಲ್ಲ, ಲೆಕ್ಕಕ್ಕೆ ಬೇಕು. ಇನ್ನೆರಡು ವರ್ಷಕ್ಕೆ ನಿವೃತ್ತರಾಗಲಿದ್ದ ಅಟೆಂಡರ್ ಅದನ್ನು ನನ್ನ ಮೇಜಿನ ಮೇಲಿಟ್ಟರು. ಮಗಳ ಮದುವೆ ಮಾಡಿ ಮುಗಿಸಿದವರ ಸಮಾಧಾನ ಅವರ ಮುಖದಲ್ಲಿತ್ತು. ‘ಹದಿನೆಂಟು ವರ್ಷದಿಂದ ಈ ಲೈಬ್ರರಿ ನೋಡ್ಕೊಂಡು ಬಂದಿದೀನಿ. ಒಂದೂ ಕಳೆದಿಲ್ಲ, ಮೇಡಂ!’

ಅದು 2009. ತುಮಕೂರು ಸೀಮೆಯ ಒಂದು ತಾಲ್ಲೂಕು ಕೇಂದ್ರದ ಪ್ರಥಮ ದರ್ಜೆ ಕಾಲೇಜು. ಕಾಯಂ ಗ್ರಂಥಪಾಲಕರಿಲ್ಲದೆ ಎಷ್ಟೋ ವರ್ಷ ಯಾರಾದರೊಬ್ಬ ಉಪನ್ಯಾಸಕರು ಪಾಠದ ಜೊತೆಗೆ ಲೈಬ್ರರಿಯ ‘ಇನ್‌ಚಾರ್ಜ್’ ಆಗಿರುತ್ತಿದ್ದರು. ಅವರು ಬದಲಾಗುತ್ತಿದ್ದರು, ಅಟೆಂಡರ್ ಬದಲಾಗುತ್ತಿರಲಿಲ್ಲ.

ಆ ವಾರ ಚಾರ್ಜ್ ಲಿಸ್ಟ್ ಹಿಡಿದು ಪುಸ್ತಕ ಎಣಿಸಿದೆವು. ಅಕ್ಸೆಷನ್ ರಿಜಿಸ್ಟರ್ ನೋಡಿ ನಂಬರ್ ಕೂಗುವುದು ಅವರು, ಪುಸ್ತಕ ಹುಡುಕಿ ತೆಗೆಯುವುದು ನಾನು. ಅವರು ಹೇಳಿದ್ದು ಅಕ್ಷರಶಃ ನಿಜ. ಎಲ್ಲವೂ ಇದ್ದವು. ಆದರೆ ನನಗೊಂದು ಅಭ್ಯಾಸ. ಪುಸ್ತಕ ಕೈಗೆ ಬಂದರೆ ಹಿಂದಿನಿಂದ ತೆರೆಯುತ್ತೇನೆ, ಡೇಟ್ ಸ್ಲಿಪ್ ನೋಡಲು. ಯಾವ ತಾರೀಕಿಗೆ ವಾಪಸ್ ಕೊಡಬೇಕೆಂದು ಠಸ್ಸೆ ಹೊಡೆಯುವ ಆ ಚೀಟಿಯಲ್ಲಿ ಪುಸ್ತಕದ ಜಾತಕವೇ ಇರುತ್ತದೆ. ನೂರಾರು ಪುಸ್ತಕಗಳಲ್ಲಿ ಅದು ಅಂಗಡಿಯಿಂದ ಬಂದ ದಿನದಷ್ಟೇ ಬೆಳ್ಳಗಿತ್ತು. ಕಾರಂತರ ಒಂದು ಕಾದಂಬರಿಯ ಹಾಳೆಗಳು ಅಂಚಿನಲ್ಲಿ ಕತ್ತರಿಸದೆ ಒಂದಕ್ಕೊಂದು ಅಂಟಿಕೊಂಡೇ ಇದ್ದವು. ಕೊಂಡು ತಂದಂದಿನಿಂದ ಅದನ್ನು ಯಾರೂ ತೆರೆದಿರಲಿಲ್ಲ. ಇನ್ನು ಕೆಲವನ್ನು ಹುಳು ಓದಿ ಮುಗಿಸಿತ್ತು.

ಒಂದೂ ಕಳೆದಿರಲಿಲ್ಲ, ಏಕೆಂದರೆ ಒಂದೂ ಹೊರಗೆ ಹೋಗಿರಲಿಲ್ಲ.

ಗಣಿತದ ಮೇಷ್ಟ್ರೂ ಓಡಲು ನೋಡಿದ್ದರು

ಈ ಕೆಲಸ ನಾನಾಗಿ ಬಯಸಿ ಬಂದದ್ದು ಎಂದರೆ ಸುಳ್ಳಾಗುತ್ತದೆ. ಕನ್ನಡ ಎಂ.ಎ. ಮುಗಿಸಿ, ಉಪನ್ಯಾಸಕಿಯಾಗುವ ಕನಸಲ್ಲಿ ಎರಡು ವರ್ಷ ಅತಿಥಿ ಉಪನ್ಯಾಸಕಿಯಾಗಿ ಅಲೆದೆ. ಯಾರೋ ‘ಬಿ.ಲಿಬ್ ಮಾಡಿಟ್ಟುಕೋ, ಇನ್ನೊಂದು ದಾರಿ ಇರಲಿ’ ಎಂದರು. ಮಾಡಿಟ್ಟುಕೊಂಡೆ. ಆ ಇನ್ನೊಂದು ದಾರಿಯೇ ಹೆದ್ದಾರಿಯಾಯಿತು. ಕೆಲಸ ಸಿಕ್ಕ ಹೊಸತರಲ್ಲಿ ಒಂದು ಮದುವೆಮನೆಯಲ್ಲಿ ಚಿಕ್ಕಮ್ಮ ನಾಲ್ಕು ಜನರ ಮುಂದೆ ಕೇಳಿದ್ದರು: ‘ಏನೇ, ಎಂ.ಎ. ಓದಿ ಪುಸ್ತಕ ಎತ್ತಿ ಕೊಡೋ ಕೆಲಸಾನಾ?’ ನನ್ನಲ್ಲಿ ಉತ್ತರವಿರಲಿಲ್ಲ. ಹೋಳಿಗೆ ತಿಂದು ಸುಮ್ಮನಾದೆ.

ಅಂದು ಗೊತ್ತಿದ್ದರೆ ಎಸ್.ಆರ್. ರಂಗನಾಥನ್ ಅವರ ಕಥೆ ಹೇಳುತ್ತಿದ್ದೆ. ಪ್ರತಿವರ್ಷ ಆಗಸ್ಟ್ 12ರಂದು ನಾವು ಗ್ರಂಥಪಾಲಕರ ದಿನ ಆಚರಿಸಿ ಹಾರ ಹಾಕುವ ಫೋಟೊ ಅವರದು. ಮದ್ರಾಸಿನ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಗಣಿತದ ಮೇಷ್ಟ್ರಾಗಿದ್ದವರು 1924ರಲ್ಲಿ ಮದ್ರಾಸ್ ವಿಶ್ವವಿದ್ಯಾಲಯದ ಗ್ರಂಥಪಾಲಕರಾದರು. ಹಿಂದೆ ಇದ್ದದ್ದು ಪುಸ್ತಕಪ್ರೇಮಕ್ಕಿಂತ ಹೆಚ್ಚಾಗಿ ಸಂಬಳದ ಲೆಕ್ಕ. ತರಬೇತಿ ಎಂದರೆ, ಸಂದರ್ಶನಕ್ಕೆ ಮುಂಚೆ ಎನ್‌ಸೈಕ್ಲೋಪೀಡಿಯಾ ಬ್ರಿಟಾನಿಕಾದಲ್ಲಿ ಗ್ರಂಥಾಲಯದ ಬಗ್ಗೆ ಓದಿಕೊಂಡದ್ದಷ್ಟೇ. ಕುರ್ಚಿಯಲ್ಲಿ ಕೂತ ಕೆಲವೇ ದಿನಕ್ಕೆ ಬೇಜಾರು ಹತ್ತಿತು. ಮಾತಾಡಲು ಹುಡುಗರಿಲ್ಲ, ಬಿಡಿಸಲು ಲೆಕ್ಕವಿಲ್ಲ. ‘ನನ್ನನ್ನು ವಾಪಸ್ ಪಾಠಕ್ಕೆ ಕಳಿಸಿ’ ಎಂದು ಹೋಗಿ ಕೇಳಿದರು. ಕೊನೆಗೆ ಒಂದು ಒಪ್ಪಂದವಾಯಿತು: ಲಂಡನ್ನಿಗೆ ಹೋಗಿ ಅಲ್ಲಿನ ಗ್ರಂಥಾಲಯಗಳನ್ನು ನೋಡಿಕೊಂಡು ಬರುವುದು, ಆಮೇಲೂ ಬೇಡವೆನಿಸಿದರೆ ಗಣಿತದ ಕೆಲಸ ಅವರಿಗೇ.

ಲಂಡನ್ನಿನ ಸೆಲ್ಫ್ರಿಜಸ್ ಅಂಗಡಿಯಲ್ಲಿ ಅವರು ಮೆಕ್ಯಾನೊ ಎಂಬ ಆಟಿಕೆ ನೋಡಿದರು. ತೂತುಗಳಿರುವ ಪಟ್ಟಿ, ನಟ್ಟು, ಬೋಲ್ಟು. ಅವೇ ತುಂಡುಗಳನ್ನು ಬೇರೆ ಬೇರೆ ರೀತಿ ಜೋಡಿಸಿದರೆ ಒಮ್ಮೆ ಕ್ರೇನು, ಒಮ್ಮೆ ಸೇತುವೆ. ಪುಸ್ತಕದ ವಿಷಯವನ್ನೂ ಹೀಗೆ ತುಂಡುಗಳಾಗಿ ಬಿಡಿಸಿ, ಬೇಕಾದಂತೆ ಜೋಡಿಸಿ ನಂಬರ್ ಕೊಡಬಹುದಲ್ಲ ಎಂದು ಅವರಿಗೆ ಹೊಳೆಯಿತು. ವೈದ್ಯಕೀಯದ ಪುಸ್ತಕವಾದರೆ ಅಂಗ, ವ್ಯಾಧಿ, ದೇಶ, ಕಾಲ ಹೀಗೆ ಒಂದೊಂದೂ ಬೇರೆ ತುಂಡು. ನಡುವೆ ಕೋಲನ್ ಚಿಹ್ನೆಯೇ ಬೋಲ್ಟು. 1925ರಲ್ಲಿ ಹಡಗು ಹತ್ತಿ ಮರಳುವಾಗ ಹಡಗಿನಲ್ಲಿದ್ದ ಪುಸ್ತಕಗಳ ಮೇಲೇ ಪ್ರಯೋಗ ನಡೆಸಿದರಂತೆ. ಗಣಿತದ ಕುರ್ಚಿಯ ಮಾತನ್ನು ಮತ್ತೆ ಎತ್ತಲಿಲ್ಲ. 1931ರಲ್ಲಿ ಗ್ರಂಥಾಲಯ ವಿಜ್ಞಾನದ ಐದು ಸೂತ್ರಗಳ ಪುಸ್ತಕ ಬಂತು, 1933ರಲ್ಲಿ ಕೋಲನ್ ವರ್ಗೀಕರಣ. ಬದುಕಿನ ಕೊನೆಯ ವರ್ಷಗಳು ನಮ್ಮ ಬೆಂಗಳೂರಿನಲ್ಲಿ. 1962ರಲ್ಲಿ ಇಂಡಿಯನ್ ಸ್ಟ್ಯಾಟಿಸ್ಟಿಕಲ್ ಇನ್‌ಸ್ಟಿಟ್ಯೂಟ್‌ನ ಆಶ್ರಯದಲ್ಲಿ ಇಲ್ಲಿ ಶುರುವಾದ ಡಿಆರ್‌ಟಿಸಿ ಎಂಬ ತರಬೇತಿ ಕೇಂದ್ರ ಅವರ ಕೂಸು. 1972ರಲ್ಲಿ ತೀರಿಕೊಂಡದ್ದೂ ಬೆಂಗಳೂರಿನಲ್ಲೇ.

ಐದು ಸೂತ್ರಗಳನ್ನು ಬಿ.ಲಿಬ್ ಪರೀಕ್ಷೆಗೆ ಮಗ್ಗಿಯಂತೆ ಬಾಯಿಪಾಠ ಮಾಡಿದ್ದೆ. ಪುಸ್ತಕಗಳಿರುವುದು ಬಳಕೆಗೆ. ಪ್ರತಿ ಓದುಗನಿಗೂ ಅವನ ಪುಸ್ತಕ. ಪ್ರತಿ ಪುಸ್ತಕಕ್ಕೂ ಅದರ ಓದುಗ. ಓದುಗನ ಸಮಯ ಉಳಿಸು. ಗ್ರಂಥಾಲಯ ಬೆಳೆಯುವ ಜೀವಿ. ಇಷ್ಟು ಸರಳವಾದದ್ದನ್ನು ಸೂತ್ರ ಎಂದು ಯಾಕೆ ಕರೆದರೋ ಎಂದುಕೊಂಡಿದ್ದೆ. ಬೆಳ್ಳಗಿನ ಡೇಟ್ ಸ್ಲಿಪ್‌ಗಳ ಮುಂದೆ ಕೂತಾಗ ಮೊದಲ ಸೂತ್ರವೇ ಎಷ್ಟು ಕಷ್ಟದ್ದೆಂದು ಗೊತ್ತಾಯಿತು.

ಸಾವಿರಕ್ಕೆ ಐದು

ಅಟೆಂಡರ್ ಅವರನ್ನು ದೂರಲು ನನಗೆ ಮನಸ್ಸಿಲ್ಲ. ಬೀಗದ ಹಿಂದೆ ಒಂದು ಭಯವಿರುತ್ತದೆ, ಅದು ಸುಳ್ಳು ಭಯವಲ್ಲ. ಪುಸ್ತಕ ಕಳೆದರೆ ಆಡಿಟ್‌ನಲ್ಲಿ ಆಕ್ಷೇಪಣೆ ಬರುತ್ತದೆ. ಆಕ್ಷೇಪಣೆ ತೀರುವವರೆಗೆ ನಿವೃತ್ತಿಯ ಹಣಕ್ಕೆ ಕಲ್ಲು ಬೀಳುತ್ತದೋ ಎಂಬ ಆತಂಕ. ಕೈಯಿಂದ ಕಟ್ಟಬೇಕಾದ ಪುಸ್ತಕಗಳ ಕಥೆಗಳನ್ನು ಈ ವೃತ್ತಿಯವರೆಲ್ಲ ಕೇಳಿರುತ್ತಾರೆ. ಯಾರೂ ಓದದಿದ್ದರೆ ಯಾರೂ ಕೇಳುವುದಿಲ್ಲ, ಒಂದು ಕಳೆದರೆ ಎಲ್ಲರೂ ಕೇಳುತ್ತಾರೆ. ಇಂಥ ಲೆಕ್ಕದಲ್ಲಿ ಬುದ್ಧಿವಂತರು ಬೀಗ ಹಾಕದೆ ಇನ್ನೇನು ಮಾಡುತ್ತಾರೆ?

ಆಗ ನನ್ನ ಕೈಗೆ ಸಿಕ್ಕಿದ್ದು ಕೇಂದ್ರ ಸರ್ಕಾರದ ಸಾಮಾನ್ಯ ಹಣಕಾಸು ನಿಯಮಗಳ ಒಂದು ಪುಟ. ಒಂದು ವರ್ಷದಲ್ಲಿ ಓದುಗರಿಗೆ ಕೊಟ್ಟ ಅಥವಾ ಅವರು ಬಳಸಿದ ಪ್ರತಿ ಸಾವಿರ ಪುಸ್ತಕಕ್ಕೆ ಐದು ಕಳೆದರೆ ಅದನ್ನು ಸಹಜ ನಷ್ಟವೆಂದು ಒಪ್ಪಬಹುದು; ಅಪ್ರಾಮಾಣಿಕತೆ, ನಿರ್ಲಕ್ಷ್ಯ ಕಾರಣವಾಗಿರಬಾರದು ಅಷ್ಟೇ. ಸಾವಿರ ರೂಪಾಯಿ ಮೀರಿದ ಪುಸ್ತಕ ಅಥವಾ ಅಪರೂಪದ ಗ್ರಂಥ ಕಳೆದರೆ ಮಾತ್ರ ತನಿಖೆ ಆಗಲೇಬೇಕು. 2017ರಲ್ಲಿ ನಿಯಮಾವಳಿ ಪರಿಷ್ಕಾರವಾದಾಗಲೂ ಈ ಮಾತು ಉಳಿಯಿತು. ಗಮನಿಸಬೇಕಾದದ್ದು, ಸಾವಿರದ ಲೆಕ್ಕ ಬೀರುವಿನಲ್ಲಿ ಕೂತ ಪುಸ್ತಕಗಳದ್ದಲ್ಲ, ಬಳಕೆಯಾದ ಪುಸ್ತಕಗಳದ್ದು. ಹೆಚ್ಚು ಓದಿಸಿದವರಿಗೆ ಹೆಚ್ಚು ರಿಯಾಯಿತಿ. ಸರ್ಕಾರಿ ಭಾಷೆಯಲ್ಲಿ ಇಷ್ಟು ಔದಾರ್ಯದ ಸಾಲು ನಾನು ಬೇರೆ ಓದಿಲ್ಲ.

ಆ ಹಾಳೆಯನ್ನು ಪ್ರಿನ್ಸಿಪಾಲರ ಮೇಜಿನ ಮೇಲಿಟ್ಟೆ. ಕನ್ನಡಕ ಏರಿಸಿ ಓದಿದರು. ‘ಇದು ಕೇಂದ್ರದ್ದಲ್ವೇನಮ್ಮಾ? ನಮಗೆ ಹೆಂಗೆ ಅನ್ವಯ ಆಗ್ತದೆ?’ ಎಂದರು. ಆಗುತ್ತದೆಂದು ವಾದಿಸಲು ನನ್ನ ಬಳಿ ಬೇರೆ ಕಾಗದವಿರಲಿಲ್ಲ. ಸುಮ್ಮನೆ ನಿಂತಿದ್ದೆ. ಸ್ವಲ್ಪ ಹೊತ್ತಿನ ಮೇಲೆ ಅವರೇ, ‘ಮೂರು ಬೀರು ತೆಗೆದಿಡಿ. ಏನಾಗ್ತದೆ ನೋಡೋಣ’ ಎಂದರು.

ಕನ್ನಡ ಸಾಹಿತ್ಯ, ಸ್ಪರ್ಧಾ ಪರೀಕ್ಷೆ ಮತ್ತು ‘ಇತರೆ’ ಎಂಬ ಚೀಟಿ ಅಂಟಿಸಿದ್ದ ಬೀರು, ಈ ಮೂರನ್ನು ತೆರೆದೆವು. ಹುಡುಗರು ಮೊದಲ ವಾರ ಹತ್ತಿರ ಬರಲೇ ಇಲ್ಲ. ತೆರೆದ ಬೀರು ನೋಡಿ, ಮೇಡಂ ಏನೋ ಹುಡುಕುತ್ತಿರಬೇಕೆಂದು ಕೌಂಟರಿನ ಆಚೆಯೇ ನಿಂತಿರುತ್ತಿದ್ದರು. ‘ಒಳಗೆ ಬನ್ನಿ, ಮುಟ್ಟಿ ನೋಡಿ’ ಎಂದು ಕರೆಯಬೇಕಾಯಿತು. ಅಟೆಂಡರ್ ಬೀರುವಿನ ಪಕ್ಕ ಸ್ಟೂಲ್ ಹಾಕಿಕೊಂಡು, ದೇವಸ್ಥಾನದ ಹುಂಡಿ ಕಾಯುವವರಂತೆ ಕೂತರು.

ವರ್ಷದ ಕೊನೆಗೆ ಎಣಿಸಿದಾಗ ಆರು ಪುಸ್ತಕ ಇರಲಿಲ್ಲ. ಸ್ಪರ್ಧಾ ಪರೀಕ್ಷೆಯ ಗೈಡ್ ಎರಡು, ಇಂಗ್ಲಿಷ್ ವ್ಯಾಕರಣ ಒಂದು, ಹೊಲಿಗೆ ಕಲಿಸುವ ಪುಸ್ತಕ ಒಂದು, ಮೇಕೆ ಸಾಕಣೆಯದ್ದು ಒಂದು, ತೇಜಸ್ವಿಯವರ ‘ಕರ್ವಾಲೊ’ ಒಂದು. ಅಟೆಂಡರ್ ಮುಖ ಸಣ್ಣದಾಯಿತು. ನಾನು ಪಟ್ಟಿಯನ್ನು ಮತ್ತೆ ಮತ್ತೆ ಓದಿದೆ. ನಮ್ಮ ವಿದ್ಯಾರ್ಥಿಗಳಿಗೆ ಏನು ಬೇಕು ಎಂದು ಯಾವ ಸಮಿತಿಯೂ ನನಗೆ ಇಷ್ಟು ಸ್ಪಷ್ಟವಾಗಿ ಹೇಳಿರಲಿಲ್ಲ. ಕದಿಯುವುದು ತಪ್ಪು, ಸಂಶಯವಿಲ್ಲ. ಆದರೆ ಯಾರೂ ಬೇಡದ್ದನ್ನು ಕದಿಯುವುದಿಲ್ಲ. ಮಾರನೆಯ ವರ್ಷ ನನ್ನ ಖರೀದಿ ಪಟ್ಟಿಯ ಮೊದಲ ಆರು ಸಾಲು ಅವೇ, ಒಂದೊಂದೂ ನಾಲ್ಕು ಪ್ರತಿ. ಮೇಕೆ ಪುಸ್ತಕ ನಾಲ್ಕು ಪ್ರತಿ ಯಾಕೆಂದು ಖರೀದಿ ಸಮಿತಿಯವರು ನಕ್ಕರು. ಬಿ.ಕಾಂ. ಹುಡುಗರ ಮನೆಯಲ್ಲೂ ಮೇಕೆ ಇರುತ್ತವೆ, ಸಿಲಬಸ್ಸಿಗೆ ಅದು ಗೊತ್ತಿಲ್ಲ ಎಂದೆ. ನಾವು ಪುಸ್ತಕಗಳಿಗೆ ನಂಬರ್ ಕೊಡಲು ಬಳಸುವ ಡ್ಯೂಯಿ ವರ್ಗೀಕರಣಕ್ಕೆ ಗೊತ್ತಿದೆ, ಮೇಕೆಗೆ 636.39 ಎಂದು ಪ್ರತ್ಯೇಕ ನಂಬರ್ ಕೊಟ್ಟು ಕೂರಿಸಿದೆ.

ಒಂದು ಕೈಯ ಪುಸ್ತಕಗಳು

‘ಮೇಡಂ, ತೆಳ್ಳಗಿರೋ ಪುಸ್ತಕ ಯಾವ್ದಾದ್ರೂ ಕೊಡಿ.’

ಬಿ.ಎ. ಎರಡನೇ ವರ್ಷದ ಹುಡುಗಿ. ಇಂಥ ಮಾತಿಗೆ ನಗು ಬರುವುದು ಸಹಜ. ಪುಸ್ತಕವೇನು ದೋಸೆಯೇ, ತೆಳ್ಳಗೆ ಬೇಕು ಎನ್ನಲು? ಆದರೆ ಈ ಕೆಲಸದಲ್ಲಿ ನಾನು ಕಲಿತ ದೊಡ್ಡ ಪಾಠ, ಓದುಗರು ಮೊದಲು ಕೇಳುವುದು ಅವರಿಗೆ ಬೇಕಾದದ್ದಲ್ಲ, ಕೇಳಲು ಧೈರ್ಯ ಬಂದದ್ದು. ಇನ್ನೆರಡು ಪ್ರಶ್ನೆ ಕೇಳಬೇಕು, ಆಗ ನಿಜವಾದ ಬೇಡಿಕೆ ಹೊರಬರುತ್ತದೆ. ‘ತೆಳ್ಳಗೆ ಯಾಕಮ್ಮಾ? ಓದೋಕೆ ಬೇಜಾರಾ?’ ಎಂದೆ.

‘ಇಲ್ಲ ಮೇಡಂ. ಮನೇಲಿ ಆಗಲ್ಲ, ಕೆಲಸ ಇರುತ್ತೆ. ಬಸ್ಸಲ್ಲಿ ಮುಕ್ಕಾಲು ಗಂಟೆ. ಸೀಟು ಸಿಗಲ್ಲ. ಒಂದು ಕೈಯಲ್ಲಿ ಕಂಬಿ ಹಿಡ್ಕೋಬೇಕು.’

2023ರ ಜೂನ್‌ನಲ್ಲಿ ಹೆಣ್ಣುಮಕ್ಕಳಿಗೆ ಬಸ್ ಪ್ರಯಾಣ ಉಚಿತ ಮಾಡಿದ ‘ಶಕ್ತಿ’ ಯೋಜನೆ ಬಂದ ಮೇಲಿನ ಮಾತಿದು. ಬಸ್ಸಿಗೆ ಕಾಸಿಲ್ಲವೆಂದು ಕಾಲೇಜು ಬಿಡುವ ಹುಡುಗಿಯರ ಚಿಂತೆ ಒಂದಿಷ್ಟು ಇಳಿದಿತ್ತು, ಬಸ್ಸು ಮಾತ್ರ ಬಾಗಿಲವರೆಗೆ ತುಂಬಿತ್ತು. ಅವಳಿಗೆ ಬೇಕಿದ್ದದ್ದು ಒಂದು ಕೈಯಲ್ಲಿ ಹಿಡಿದು, ಹೆಬ್ಬೆರಳಲ್ಲೇ ಪುಟ ತಿರುವಬಹುದಾದ ಪುಸ್ತಕ. ನಾಲ್ಕನೆಯ ಸೂತ್ರ, ಓದುಗನ ಸಮಯ ಉಳಿಸು ಎನ್ನುವುದು, ಬಸ್ಸಿನ ಕಂಬಿಗೆ ಜೋತುಬಿದ್ದು ನನ್ನೆದುರು ನಿಂತಿತ್ತು.

ಹುಡುಕಲು ಹೋದರೆ ತೆಳ್ಳಗಿನ ಪುಸ್ತಕಗಳೇ ಕಾಣುತ್ತಿಲ್ಲ. ಇವೆ, ಬೇಕಾದಷ್ಟಿವೆ, ಆದರೆ ದಪ್ಪ ಸಂಪುಟಗಳ ಸಂದಿಯಲ್ಲಿ ಸಿಕ್ಕಿ ಮಾಯವಾಗಿವೆ. ಅದಕ್ಕೊಂದು ಕಾರಣ ನಮ್ಮ ನಂಬರೇ. ಅಮೆರಿಕದ ಮೆಲ್ವಿಲ್ ಡ್ಯೂಯಿ 1876ರಲ್ಲಿ ಪ್ರಕಟಿಸಿದ ದಶಾಂಶ ವರ್ಗೀಕರಣದಲ್ಲಿ ಸಾಹಿತ್ಯಕ್ಕೆ 800. ಅಮೆರಿಕದ ಸಾಹಿತ್ಯಕ್ಕೆ 810, ಇಂಗ್ಲಿಷಿಗೆ 820, ಜರ್ಮನ್‌ಗೆ 830, ಫ್ರೆಂಚಿಗೆ 840. ಹೀಗೆ ಮನೆ ಹಂಚಿ ಮುಗಿಸಿ, ಜಗತ್ತಿನ ಮಿಕ್ಕೆಲ್ಲ ಭಾಷೆಗಳನ್ನೂ 890ರ ಒಂದೇ ವಠಾರದಲ್ಲಿ ತುಂಬಿದ್ದಾರೆ. ಆ ವಠಾರದಲ್ಲಿ ಕನ್ನಡದ ಬಾಗಿಲಿನ ನಂಬರ್ 894.814. ಕವಿತೆಯಾದರೆ ಕೊನೆಗೆ 1, ನಾಟಕಕ್ಕೆ 2, ಕಾದಂಬರಿಗೆ 3. ಇಂಗ್ಲಿಷ್ ಕವಿತೆಗೆ 821 ಎಂಬ ಮೂರೇ ಅಂಕಿ ಸಾಕು. ಪಂಪನಿಂದ ಬೇಂದ್ರೆವರೆಗೆ ಸಾವಿರ ವರ್ಷದ ಕನ್ನಡ ಕಾವ್ಯಕ್ಕೆ 894.8141. ಏಳು ಅಂಕಿ, ನಡುವೆ ಚುಕ್ಕಿ, ಕೆಳಗೆ ಲೇಖಕರ ಹೆಸರಿನ ಅಕ್ಷರ. ಇಷ್ಟನ್ನು ಬರೆದ ಲೇಬಲ್ ಅಂಟಿಸಲು ಪುಸ್ತಕದ ಬೆನ್ನು ಎರಡು ಬೆರಳು ಅಗಲವಾದರೂ ಬೇಕು. ಎಂಬತ್ತು ಪುಟದ ಕವನ ಸಂಕಲನಕ್ಕೆ ಬೆನ್ನು ಎಲ್ಲಿಯದು? ಲೇಬಲ್ಲು ಮಡಚಿ ಅರ್ಧ ಮುಂದಕ್ಕೆ, ಅರ್ಧ ಹಿಂದಕ್ಕೆ ಹೋಗುತ್ತದೆ. ಕಪಾಟಿನಲ್ಲಿ ನಿಂತಾಗ ನಂಬರೂ ಕಾಣದು, ಹೆಸರೂ ಕಾಣದು. ಕನ್ನಡದ ಎಷ್ಟೋ ಒಳ್ಳೆಯ ಕವಿತೆ ನಮ್ಮಲ್ಲಿ ಮೂಲೆ ಸೇರಿದ್ದು ಓದುಗರ ಅಸಡ್ಡೆಯಿಂದಲೇ ಅಲ್ಲ, ಬೆನ್ನಿಲ್ಲದ್ದರಿಂದಲೂ.

ಅವತ್ತು ಸಂಜೆ ಕಪಾಟಿನಿಂದ ತೆಳು ಪುಸ್ತಕಗಳನ್ನೆಲ್ಲ ಎಳೆದು ತೆಗೆದೆ. ಬಾಗಿಲ ಬಳಿಯ ಮೇಜಿನ ಮೇಲೆ, ಸಂತೆಯಲ್ಲಿ ಸೊಪ್ಪಿನ ಕಟ್ಟು ಹರಡುವಂತೆ, ಮುಖ ಮೇಲೆ ಮಾಡಿ ಹರಡಿದೆ. ‘ಸಂಸ್ಕಾರ’, ‘ಕರ್ವಾಲೊ’, ‘ಘಾಚರ್ ಘೋಚರ್’, ವೈದೇಹಿಯವರ ಕಥೆಗಳು, ಹೆಸರೇ ಕೇಳದ ಕವಿಗಳ ಸಂಕಲನಗಳು. ರಟ್ಟಿನ ಮೇಲೆ ‘ಒಂದು ಕೈಯ ಪುಸ್ತಕಗಳು’ ಎಂದು ಬರೆದು ಒರಗಿಸಿದೆ. ವರ್ಗೀಕರಣದ ಯಾವ ಪಠ್ಯವೂ ಪುಸ್ತಕವನ್ನು ತೂಕ ನೋಡಿ ಜೋಡಿಸಲು ಹೇಳುವುದಿಲ್ಲ. ಆದರೆ ನಾಲ್ಕೂವರೆಯ ಬಸ್ಸು ಹಿಡಿಯುವ ಮೊದಲು ಮೇಜಿನ ಸುತ್ತ ಗುಂಪು ಸೇರತೊಡಗಿತು. ಒಬ್ಬ ಹುಡುಗ ಕೇಳಿದ: ‘ಮೇಡಂ, ಬೈಕಲ್ಲಿ ಬರೋರು ತಗೋಬಹುದಾ?’

ಟೋಪಿ ಹಾಕಿದ ಅಕ್ಷರಗಳು

ಕಂಪ್ಯೂಟರ್ ಬಂದ ಮೇಲೆ ಗ್ರಂಥಪಾಲಕರಿಗೆ ಏನು ಕೆಲಸ ಎಂದು ಕೇಳುವವರಿದ್ದಾರೆ. ಅವರಿಗೆ ನಾನು ನಮ್ಮ ಎರಡು ಬೇಸಿಗೆಗಳ ಕಥೆ ಹೇಳುತ್ತೇನೆ.

ಪುಸ್ತಕಗಳ ಪಟ್ಟಿಯನ್ನೆಲ್ಲ ಕಂಪ್ಯೂಟರಿಗೆ ಹಾಕಬೇಕಿತ್ತು. ಊರಿನ ಒಬ್ಬ ಹುಡುಗಿಯನ್ನು ದಿನಗೂಲಿಗೆ ಹಚ್ಚಿ, ಎರಡು ಬೇಸಿಗೆ ರಜೆ ಕೂತು, ಕನ್ನಡ ಪುಸ್ತಕಗಳ ಹೆಸರು, ಲೇಖಕರು, ಪ್ರಕಾಶಕರು ಎಲ್ಲವನ್ನೂ ಎಕ್ಸೆಲ್‌ನಲ್ಲಿ ನುಡಿ ಫಾಂಟಿನಲ್ಲಿ ಟೈಪ್ ಮಾಡಿಸಿದೆ. ಗ್ರಂಥಾಲಯಕ್ಕೆಂದು ನಾವು ಆರಿಸಿದ್ದು ಕೋಹಾ. ನ್ಯೂಜಿಲೆಂಡಿನ ಒಂದು ಗ್ರಾಮಾಂತರ ಗ್ರಂಥಾಲಯಕ್ಕಾಗಿ ಹುಟ್ಟಿ, 2000ದಲ್ಲಿ ಬಳಕೆಗೆ ಬಂದ ಮುಕ್ತ ತಂತ್ರಾಂಶ. ಕೋಹಾ ಎಂದರೆ ಅಲ್ಲಿನ ಮಾವೊರಿ ಭಾಷೆಯಲ್ಲಿ ಉಡುಗೊರೆ. ಹೆಸರಿಗೆ ತಕ್ಕಂತೆ ಕಾಸಿಲ್ಲದೆ ಸಿಗುತ್ತದೆ. ಪಟ್ಟಿಯನ್ನು ಅದಕ್ಕೆ ಸುರಿದೆವು. ಪರದೆಯ ಮೇಲೆ ಬಂದದ್ದು ಕನ್ನಡವಲ್ಲ. ತಲೆಯ ಮೇಲೆ ಟೋಪಿ ಹಾಕಿದ ‘ಎ’ಗಳು, ಕೋಡು ಮೂಡಿದ ‘ಒ’ಗಳು, ನಡುನಡುವೆ ಪೌಂಡಿನ ಗುರುತು. ಕುವೆಂಪು ಯಾರು, ಕಂಬಾರ ಯಾರು, ಒಂದೂ ತಿಳಿಯದು. ದಿನಗೂಲಿಯ ಹುಡುಗಿ ಅತ್ತೇಬಿಟ್ಟಳು.

ಆಗಿದ್ದಿಷ್ಟು: ಹಳೆಯ ನುಡಿ ಫಾಂಟು ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕನ್ನಡದ ಚಿತ್ರಗಳನ್ನು ಕೂರಿಸಿರುತ್ತದೆ. ಆ ಫಾಂಟು ಇದ್ದರೆ ಕನ್ನಡ, ಇಲ್ಲದಿದ್ದರೆ ಟೋಪಿ. ಕೋಹಾಕ್ಕೆ ಬೇಕಾದದ್ದು ಯೂನಿಕೋಡ್. ಪರಿವರ್ತಕ ಹುಡುಕಿ, ಪಟ್ಟಿಯನ್ನು ಬದಲಿಸಿ, ತಪ್ಪಿದ ಒತ್ತಕ್ಷರಗಳನ್ನು ಒಂದೊಂದಾಗಿ ತಿದ್ದುವ ಹೊತ್ತಿಗೆ ಇನ್ನೊಂದು ಬೇಸಿಗೆ ಮುಗಿದಿತ್ತು. ಎಲ್ಲ ಸರಿಯಾಯಿತೆಂದು ಹುಡುಗರನ್ನು ಕೂರಿಸಿದರೆ, ಅವರು ಕನ್ನಡದಲ್ಲಿ ಟೈಪ್ ಮಾಡುವುದೇ ಇಲ್ಲ! ಇಂಗ್ಲಿಷ್ ಅಕ್ಷರದಲ್ಲಿ ‘ಕರ್ವಾಲೊ’ ಎಂದು ಹೊಡೆದು, ‘ಪುಸ್ತಕ ಇಲ್ಲ ಅಂತಿದೆ ಮೇಡಂ’ ಎನ್ನುತ್ತಿದ್ದರು. ಮತ್ತೆ ಕೂತು, ಪ್ರತಿ ಕನ್ನಡ ಪುಸ್ತಕಕ್ಕೂ ಪರ್ಯಾಯ ಶೀರ್ಷಿಕೆಯ ಜಾಗದಲ್ಲಿ ಇಂಗ್ಲಿಷ್ ಅಕ್ಷರದ ಹೆಸರು ಸೇರಿಸಿದೆ. ಒಂದಕ್ಕೆ ಮೂರು ಕಾಗುಣಿತ, ಯಾರು ಹೇಗೆ ಹೊಡೆಯುತ್ತಾರೋ ಯಾರಿಗೆ ಗೊತ್ತು. ಯಾರ ಕಣ್ಣಿಗೂ ಬೀಳದ ಈ ಕೆಲಸವೇ ಇವತ್ತು ಪುಸ್ತಕವನ್ನೂ ಓದುಗನನ್ನೂ ಭೇಟಿ ಮಾಡಿಸುತ್ತಿರುವುದು.

ಗೋಡೆಯಾಚೆಗಿನ ಗ್ರಂಥಾಲಯದ್ದೂ ಇದೇ ಪಾಡು. 2010ರಲ್ಲಿ ಕಾಲೇಜುಗಳಿಗಾಗಿ ಶುರುವಾದ ಎನ್-ಲಿಸ್ಟ್ ಸಾವಿರಾರು ಇ-ಜರ್ನಲ್, ಲಕ್ಷಗಟ್ಟಲೆ ಇ-ಪುಸ್ತಕಗಳನ್ನು ಸಣ್ಣ ಊರಿನ ಕಾಲೇಜಿಗೂ ತಂದಿತು. 2025ರ ಜನವರಿಯಿಂದ ‘ಒಂದು ದೇಶ ಒಂದು ಚಂದಾ’ ಯೋಜನೆಯಲ್ಲಿ 30 ಪ್ರಕಾಶಕರ ಸುಮಾರು 13,000 ಜರ್ನಲ್‌ಗಳು ಸರ್ಕಾರಿ ಉನ್ನತ ಶಿಕ್ಷಣ ಸಂಸ್ಥೆಗಳಿಗೆ ತೆರೆದಿವೆ. ಆದರೆ ಪಾಸ್‌ವರ್ಡ್ ಮರೆತ ಅಧ್ಯಾಪಕರಿಗೂ, ಲಿಂಕ್ ಒತ್ತಲು ಹೆದರುವ ಎಂ.ಎ. ವಿದ್ಯಾರ್ಥಿಗೂ ಅದು ಬೀಗ ಹಾಕಿದ ಬೀರುವೇ. ಬೀಗ ಕಬ್ಬಿಣದ್ದಲ್ಲ, ಅಷ್ಟೇ ವ್ಯತ್ಯಾಸ. ಕೂರಿಸಿಕೊಂಡು ಒಂದು ಸಲ ತೆಗೆದು ತೋರಿಸುವವರು ಇರಬೇಕು.

ಈ ಕೆಲಸಕ್ಕೆ ಬರುವವರಿಗೆ

ಇಷ್ಟು ಓದಿ ಯಾರಿಗಾದರೂ ಈ ದಾರಿ ಹಿಡಿಯುವ ಮನಸ್ಸಾದರೆ, ವ್ಯವಹಾರದ ಮಾತನ್ನೂ ಹೇಳಿಬಿಡಬೇಕು. ಯಾವ ಪದವಿಯಾದರೂ ಸರಿ, ಆಮೇಲೆ ಒಂದು ವರ್ಷದ ಬಿ.ಲಿಬ್., ನಂತರ ಎಂ.ಲಿಬ್. ನಮ್ಮ ವಿಶ್ವವಿದ್ಯಾಲಯಗಳಲ್ಲಿ ಗ್ರಂಥಾಲಯ ವಿಜ್ಞಾನ ವಿಭಾಗಗಳಿವೆ, ಇಗ್ನೋದಂಥ ದೂರಶಿಕ್ಷಣದ ದಾರಿಯೂ ಇದೆ. ಯುಜಿಸಿಯ 2018ರ ನಿಯಮಾವಳಿಯಂತೆ ಕಾಲೇಜು ಗ್ರಂಥಪಾಲಕರಾಗಲು ಸ್ನಾತಕೋತ್ತರ ಪದವಿಯಲ್ಲಿ ಶೇ 55 ಅಂಕ, ನೆಟ್ ಅಥವಾ ಕೆ-ಸೆಟ್ ಬೇಕು, ಗ್ರಂಥಾಲಯದ ಗಣಕೀಕರಣ ಗೊತ್ತಿರಬೇಕು. ಯುಜಿಸಿ ವೇತನ ಶ್ರೇಣಿಯಲ್ಲಿ ಆರಂಭದ ಮೂಲ ವೇತನ 57,700 ರೂಪಾಯಿ, ಸಹಾಯಕ ಪ್ರಾಧ್ಯಾಪಕರಷ್ಟೇ. ಚಿಕ್ಕಮ್ಮನಿಗೆ ಇದನ್ನು ಹೇಳಿದ ಮೇಲೆ ಅವರು ಪುಸ್ತಕ ಎತ್ತಿ ಕೊಡುವ ಮಾತು ಆಡಿಲ್ಲ.

ಆದರೆ ಸರ್ಕಾರಿ ಹುದ್ದೆಗೆ ಅರ್ಜಿ ಕರೆಯುವುದು ವರ್ಷವರ್ಷದ ಹಬ್ಬವಲ್ಲ. ಖಾಸಗಿ ಕಾಲೇಜುಗಳಲ್ಲಿ ಸಂಬಳ ಎಷ್ಟೋ ಕಡೆ ಈ ಅಂಕಿಯ ಹತ್ತಿರವೂ ಸುಳಿಯುವುದಿಲ್ಲ. ‘ಆರಾಮದ ಕೆಲಸ, ದಿನಾ ಓದ್ತಾ ಕೂರಬಹುದು’ ಎಂದು ಬರುವವರಿಗೆ ನಿರಾಸೆ ಖಚಿತ. ಕೆಲಸದ ಹೊತ್ತಿನಲ್ಲಿ ನಾನು ಒಂದು ಅಧ್ಯಾಯ ನೆಮ್ಮದಿಯಾಗಿ ಓದಿದ ನೆನಪಿಲ್ಲ. ಪರೀಕ್ಷೆಗೆ ಮುಂಚೆ ಹಳೆಯ ಪ್ರಶ್ನೆಪತ್ರಿಕೆಗೆ ನೂಕುನುಗ್ಗಲು, ವರ್ಷದ ಕೊನೆಗೆ ನೋ ಡ್ಯೂಸ್ ಸಾಲು, ನ್ಯಾಕ್ ತಂಡ ಬರುತ್ತದೆಂದರೆ ಐದು ವರ್ಷದ ಲೆಕ್ಕಪತ್ರ. ಸಿಲಬಸ್ ಬದಲಾದಾಗ ಬರುವ ಸಂಕಟ ಬೇರೆ. ನಮ್ಮ ರಾಜ್ಯದಲ್ಲಿ 2021ರಲ್ಲಿ ಹೊಸ ಶಿಕ್ಷಣ ನೀತಿಯ ಪಠ್ಯ ಬಂತು, 2024ರಲ್ಲಿ ಅದನ್ನು ಕೈಬಿಟ್ಟರು. ಒಂದೇ ವಿಷಯದ ಮೂರು ಕಾಲದ ಪಠ್ಯಪುಸ್ತಕಗಳು ನನ್ನ ಕಪಾಟಿನಲ್ಲಿ ಅಕ್ಕಪಕ್ಕ ಕೂತು ಒಂದರ ಮುಖ ಒಂದು ನೋಡುತ್ತಿವೆ.

ಹಾಗಾದರೆ ಇಲ್ಲಿ ಸಿಗುವ ಸಂತೋಷ ಎಂಥದು? ಕಾಲೇಜಿನಲ್ಲಿ ಹಾಜರಿ ಕೂಗದ ಕೋಣೆ ನನ್ನದು. ಇಲ್ಲಿಗೆ ಬಂದವರು ಅವರಾಗಿಯೇ ಬಂದವರು. ಫ್ಯಾನಿನ ಗಾಳಿಗೆ ಬಂದವನಿರಬಹುದು, ಪೇಪರಿನ ಕ್ರಿಕೆಟ್ ಪುಟಕ್ಕೆ ಬಂದವನಿರಬಹುದು. ಅವನಿಗೆ ನಾನು ಅಂಕ ಕೊಡಬೇಕಿಲ್ಲ, ಹಾಗಾಗಿ ಅವನು ನನಗೆ ಸುಳ್ಳು ಹೇಳಬೇಕಿಲ್ಲ. ಫಲಿತಾಂಶದ ದಿನ ಮೇಷ್ಟ್ರುಗಳಿಗೆ ಹಾರ ಬೀಳುತ್ತದೆ, ಲೈಬ್ರರಿಗೆ ಬೀಳುವುದಿಲ್ಲ. ನನ್ನ ಫಲಿತಾಂಶವಿರುವುದು ಡೇಟ್ ಸ್ಲಿಪ್‌ನಲ್ಲಿ. ‘ಕರ್ವಾಲೊ’ದ ಒಂದು ಪ್ರತಿಯಲ್ಲಿ ಚೀಟಿ ತುಂಬಿ, ಅದರ ಮೇಲೆ ಇನ್ನೊಂದು ಅಂಟಿಸಿ, ಅದೂ ತುಂಬಿ, ಈಗ ಮೂರನೆಯದು ಅಂಟಿಸಿದೆ. ಹಿಂದಿನ ರಟ್ಟು ಸರಿಯಾಗಿ ಮುಚ್ಚುವುದೇ ಇಲ್ಲ. ಲೆಕ್ಕವೆಲ್ಲ ಕಂಪ್ಯೂಟರಿನಲ್ಲಿರುವಾಗ ಠಸ್ಸೆ ಯಾಕೆ ಎಂದು ಕೇಳುತ್ತಾರೆ. ಹುಡುಗರಿಗೆ ಬೇಕು. ತಮಗಿಂತ ಮೊದಲು ಎಷ್ಟು ಜನ ಓದಿದ್ದಾರೆಂದು ಅವರೂ ಈಗ ಪುಸ್ತಕವನ್ನು ಹಿಂದಿನಿಂದ ತೆರೆಯುತ್ತಾರೆ.

ಈ ವರ್ಷದ ಎಣಿಕೆ

ಬೀಗದ ಕೈ ಗೊಂಚಲು ಈಗಲೂ ನನ್ನ ಮೇಜಿನ ಡ್ರಾಯರಿನಲ್ಲಿದೆ. ದಾರಗಳ ಬಣ್ಣ ಹೋಗಿ ಎಲ್ಲವೂ ಒಂದೇ ಮಾಸಲು ಆಗಿವೆ; ಕೆಂಪು ಯಾವುದು, ಹಸಿರು ಯಾವುದು ನನಗೂ ತಿಳಿಯದು. ಅಟೆಂಡರ್ ನಿವೃತ್ತರಾಗಿ ಎಷ್ಟೋ ವರ್ಷವಾಯಿತು. ಮೊಮ್ಮಗಳು ನಮ್ಮದೇ ಕಾಲೇಜಿಗೆ ಸೇರಿದಾಗ ಅವಳ ಜೊತೆ ಬಂದಿದ್ದರು. ಕಪಾಟುಗಳ ನಡುವೆ ಓಡಾಡುವ ಹುಡುಗರನ್ನು ಬಾಗಿಲಲ್ಲೇ ನಿಂತು ನೋಡಿ, ಮೆಲ್ಲಗೆ ಕೇಳಿದರು: ‘ಎಷ್ಟು ಹೋಗ್ತವೆ ಮೇಡಂ, ವರ್ಷಕ್ಕೆ?’ ಹೇಳಿದೆ. ಬಾಯೊಳಗೇ ಲೆಕ್ಕ ಹಾಕಿ, ‘ಸಾವಿರಕ್ಕೆ ಐದರ ಒಳಗೇ ಅದೆ ಬಿಡಿ’ ಎಂದರು. ಆ ಹಾಳೆಯನ್ನು ಅವರು ಮರೆತಿರಲಿಲ್ಲ.

ಈ ಬೇಸಿಗೆಯ ಎಣಿಕೆಗೆ ಎಂ.ಲಿಬ್ ಓದುವ ಹುಡುಗನೊಬ್ಬ ತರಬೇತಿಗೆಂದು ಬಂದಿದ್ದ. ಚುರುಕಿನವನು. ಮೂರನೆಯ ದಿನ ಪಟ್ಟಿ ಹಿಡಿದು ಖುಷಿಯಿಂದ ಓಡಿಬಂದ. ‘ಮನಶ್ಶಾಸ್ತ್ರದ ಬೀರು ಪೂರ್ತಿ ಆಯ್ತು. ಒಂದೂ ಕಳೆದಿಲ್ಲ, ಮೇಡಂ!’

ಎದೆ ಧಸಕ್ಕೆಂದಿತು. ಎದ್ದು ಹೋಗಿ ನೋಡಿದೆ. ಬೀರುವಿಗೆ ಬೀಗವೇನೂ ಇರಲಿಲ್ಲ. ಹಿಡಿಕೆ ಹಿಡಿದು ಎಳೆದೆ, ಬಾಗಿಲು ಅಲ್ಲಾಡಲಿಲ್ಲ. ಕಳೆದ ಮಳೆಗಾಲದಲ್ಲಿ ಗೋಡೆಯಿಂದ ನೀರಿಳಿದು ಕೀಲುಗಳು ತುಕ್ಕು ಹಿಡಿದು ಕಚ್ಚಿಕೊಂಡಿದ್ದವು. ‘ನೀನು ಹೇಗೆ ತೆಗೆದೆ?’ ಎಂದೆ. ‘ಕಾಲು ಕೊಟ್ಟು ಎಳೆದೆ ಮೇಡಂ, ಎಣಿಸಿ ಆದ ಮೇಲೆ ಮತ್ತೆ ಒತ್ತಿ ಹಾಕಿದೆ’ ಎಂದ. ಒಂದು ವರ್ಷ ಎಷ್ಟು ಜನ ಬಂದು, ಎಳೆದು, ಬಾಗಿಲು ಬರದೆ, ಕೇಳಲು ಸಂಕೋಚಪಟ್ಟು ಹೋಗಿದ್ದಾರೋ.

ಪಟ್ಟಿಯನ್ನು ಅವನ ಕೈಗೆ ವಾಪಸ್ ಕೊಟ್ಟು, ಬಸ್‌ಸ್ಟ್ಯಾಂಡ್ ಹತ್ತಿರದ ವೆಲ್ಡಿಂಗ್ ಅಂಗಡಿಯವನನ್ನು ಕರೆದುಕೊಂಡು ಬಾ ಎಂದು ಕಳಿಸಿದೆ. ಕೀಲು ಸರಿಮಾಡುವುದು ಬೇಡ, ಬಾಗಿಲೇ ಬಿಚ್ಚಿಬಿಡು ಅಂತ ಹೇಳು ಎಂದೆ.